ಕರೆಯೋ, ಕರಕರೆಯೋ

ಟೈಲರಕ್ಕನ ಬಲಗಣ್ಣಿಗೆ ಮಂಜು ಕವಿದು ವರ್ಷವಾಗಿತ್ತು. ಎಡಗಣ್ಣು ಹುಟ್ಟಾ ಸೋಮಾರಿ. ಸೂಜಿಗೆ ದಾರ ಪೋಣಿಸುವುದು ಬೆರಳಿನ ಅಂದಾಜಿನಲ್ಲಿ, ಗಿರಾಕಿಗಳನ್ನು ಗುರುತಿಸುವುದು ದನಿಯಲ್ಲಿ ನಡೆದಿತ್ತು. ಕಣ್ಣಾಸ್ಪತ್ರೆಯ ಡಾಕ್ಟರು ಹೇಳಿದ್ದರು: “ಯಾರಾದ್ರೂ ಕಣ್ಣು ದಾನ ಮಾಡಿದ ಕೂಡಲೇ ಫೋನ್ ಮಾಡ್ತೀವಿ. ತಕ್ಷಣ ಬರಬೇಕು. ನೀವು ಸಿಗ್ಲಿಲ್ಲ ಅಂದ್ರೆ ಸರದಿಯಲ್ಲಿ ಮುಂದಿರೋರಿಗೆ ಹೋಗುತ್ತೆ.” ಅಂದಿನಿಂದ ಫೋನು ಹೊಲಿಗೆ ಯಂತ್ರದ ಪಕ್ಕದಿಂದ ಕದಲಿರಲಿಲ್ಲ.

ತೊಂದರೆಯೆಂದರೆ, ಬರುವ ಕರೆಗಿಂತ ಕರಕರೆಯೇ ಹೆಚ್ಚು. ಕೇಳದ ಸಾಲ ಕೊಡುವವರು, ಆಡದ ಲಾಟರಿ ಗೆಲ್ಲಿಸುವವರು, ತರಿಸದ ಪಾರ್ಸೆಲ್ ಹಿಡಿದಿಟ್ಟ ಸುಳ್ಳು ಪೊಲೀಸರು. ಒಮ್ಮೆ ಯಾರೋ “ನಿಮ್ಮ ಫೋನ್ ಬಂದ್ ಆಗುತ್ತೆ, ಈಗ ಬಂದಿರೋ ನಂಬರ್ ಓದಿ” ಎಂದಾಗ ಓದಿಯೇಬಿಡುತ್ತಿದ್ದಳು. ಕಣ್ಣು ಕೈಕೊಟ್ಟಿದ್ದರಿಂದ ಬಚಾವಾದಳು.

ಅಂದೇ ಅವಳ ತಮ್ಮ ತರಬೇತಿ ಶುರುಮಾಡಿದ. ಅವನು ಬಸ್ ನಿಲ್ದಾಣದ ಅನೌನ್ಸರ್. ಗಂಟಲಿನಲ್ಲಿ ಒಂದಿಡೀ ನಾಟಕ ಕಂಪನಿಯನ್ನು ಸಾಕಿಕೊಂಡವನು. ಯಾರದೋ ಫೋನ್ ಇಸಿದುಕೊಂಡು ಒಂದು ದಿನ ಬ್ಯಾಂಕ್ ಮ್ಯಾನೇಜರ್, ಇನ್ನೊಂದು ದಿನ ಇನ್ಸ್‌ಪೆಕ್ಟರ್, ಮತ್ತೊಂದು ದಿನ ದಾರಿ ತಪ್ಪಿದ ಮುದುಕಿ ಆಗಿ ಅಕ್ಕನಿಗೆ ಕರೆ ಮಾಡುತ್ತಿದ್ದ. ಅವಳು ಹಿಡಿದುಹಾಕಿದರೆ ಸಂಜೆಯ ಟೀ ಅವನು ಮಾಡಬೇಕು, ಏಮಾರಿದರೆ ಅವಳು.

“ಗುರುತು ಇಷ್ಟೇ ಅಕ್ಕಾ. ಈಗಲೇ, ಈಗಲೇ ಅಂತ ಅವಸರ ಮಾಡ್ತಾರಲ್ಲ, ಅಂಥೋರನ್ನ ನಂಬಲೇಬೇಡ.”

ಅಕ್ಕ ತಲೆಯಾಡಿಸಿದ್ದಳು. ಆದರೆ ಅವಳ ಗುರುತೇ ಬೇರೆ. ತಮ್ಮ ಯಾವ ವೇಷ ಹಾಕಿದರೂ ಎಲ್ಲಾದರೊಂದು ಕಡೆ ನಿಲ್ದಾಣದ “ದಯವಿಟ್ಟು ಗಮನಿಸಿ” ಅವನ ಬಾಯಿಂದ ಜಾರುತ್ತಿತ್ತು. ಅದನ್ನು ಅವನಿಗೆ ಹೇಳಿರಲಿಲ್ಲ. ಹೇಳಿದರೆ ಕೂತಲ್ಲಿಗೇ ಬರುವ ಟೀ ಕೈತಪ್ಪುತ್ತಿತ್ತಲ್ಲ!

ಆ ಮಧ್ಯಾಹ್ನ ಕೋಟಿಗೆ ಅಸ್ತರು ಕೂಡಿಸುತ್ತಿದ್ದಾಗ ಫೋನ್ ಬಂತು. ಗಂಡಸಿನ ಗೊಗ್ಗರು ದನಿ.

“ಕಣ್ಣಾಸ್ಪತ್ರೆಯಿಂದ ಮಾತಾಡ್ತಿರೋದು. ನಿಮಗೆ ಕಣ್ಣು ಸಿಕ್ಕಿದೆ, ಈಗಲೇ ಹೊರಡಬೇಕು. ದಯವಿಟ್ಟು ಗಮನಿಸಿ, ಏನೂ ತಿನ್ನಬಾರದು, ಕುಡೀಬಾರದು...”

“ಗಮನಿಸಿ” ಕಿವಿಗೆ ಬಿದ್ದದ್ದೇ ಅವಳು ಉರಿದುಬಿದ್ದಳು.

“ಏ ನೆಗಡಿ ಹಿಡಿದ ಕೋತಿ! ಆಟ ಆಡೋಕೆ ನನ್ನ ಕಣ್ಣೇ ಬೇಕಾಗಿತ್ತಾ? ಮನೆಗೆ ಬಾ, ನಿನ್ನ ತುಟಿಗೆ ಕಾಜಾ ಹೊಡೆದು ಗುಂಡಿ ಹಾಕ್ತೀನಿ!”

“ಅಮ್ಮಾ, ನಾನು...”

“ಅಮ್ಮ ಅಲ್ಲ, ಅಕ್ಕ! ಇವತ್ತೂ ಟೀ ನಿಂದೇ!” ಎಂದು ಫೋನ್ ಕುಕ್ಕಿದಳು.

ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಹೆಜ್ಜೆ ತಮ್ಮನದೇ.

“ಬಂದ್ಯಾ, ಕಣ್ಣಿನ ವ್ಯಾಪಾರಿ?”

“ಊಂ?”

“ಓಹೋ, ಈಗ ಮೂಗನ ಪಾರ್ಟೋ?”

ಅವನು ಅವಳ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡ. ಕೆನ್ನೆ ಬನ್ನಿನಂತೆ ಊದಿತ್ತು. ತುಟಿಯ ಸಂದಿಯಲ್ಲಿ ಹತ್ತಿ.

“ಅಲ್ಲು ಇತ್ರು,” ಎಂದ.

“ಹಲ್ಲು ಕಿತ್ರಾ? ಯಾವಾಗ?”

“ಎಳಗ್ಗೆ.”

ಬೆಳಗ್ಗೆಯಿಂದ ಬಾಯಿಗೆ ಹತ್ತಿ ತುರುಕಿಕೊಂಡವನು ಗೊಗ್ಗರು ದನಿ ತೆಗೆಯುವುದೆಲ್ಲಿಂದ? ಹಾಗಾದರೆ ಮಾತಾಡಿದವರು ಯಾರು? ಕಳ್ಳರೇ? ಕಳ್ಳರಾದರೆ ಏನನ್ನಾದರೂ ಕೇಳಬೇಕಿತ್ತು; ಇವರು ಖಾಲಿ ಹೊಟ್ಟೆಯಲ್ಲಿ ಬಾ ಎಂದರಷ್ಟೆ. ನಿಜವಾದ ಆಸ್ಪತ್ರೆಯೇ? ಹಾಗಾದರೆ ತಮ್ಮನ ಮಾತು ಅವರ ಬಾಯಿಗೆ ಹೇಗೆ ಹೋಯಿತು? ಊರಲ್ಲಿ ಇನ್ನೂ ಯಾರು ಯಾರು “ಗಮನಿಸಿ” ಎನ್ನುತ್ತಾರೆ?

“ಈಗ ಬಂದಿತ್ತಲ್ಲ, ಅದೇ ನಂಬರಿಗೆ ತಿರುಗಿ ಮಾಡ್ತೀನಿ,” ಎಂದು ಫೋನಿಗಾಗಿ ತಡಕಾಡುತ್ತಲೇ ನಡೆದದ್ದನ್ನೆಲ್ಲ ಒದರಿದಳು. ತಮ್ಮ ಅವಳ ಕೈಮೇಲೆ ಪಟ್ಟನೆ ಹೊಡೆದ.

“ಏಡ! ಅದ್ಕೆ ಏಡ!”

ಆಸ್ಪತ್ರೆಯವರು ಕೊಟ್ಟಿದ್ದ ಕಪ್ಪು ಕನ್ನಡಕದ ಡಬ್ಬಿಯನ್ನು ತಂದು, ಅದರ ಮೇಲೆ ಅಚ್ಚಾಗಿದ್ದ ನಂಬರನ್ನು ತಾನೇ ಒತ್ತಿ ಫೋನನ್ನು ಅವಳ ಕಿವಿಗಿಟ್ಟ. ಆ ಕಡೆ ಎಂಗೇಜ್. ಮತ್ತೆ ಒತ್ತಿದ. ಮತ್ತೆ ಎಂಗೇಜ್. ಕೊನೆಗೆ ಒಬ್ಬ ನರ್ಸ್ ಎತ್ತಿಕೊಂಡಳು.

“ಮೇಡಂ, ಇವತ್ತು ನನಗೆ ಯಾರಾದ್ರೂ ಫೋನ್ ಮಾಡಿದ್ರಾ?”

“ನನಗೆ ಅಂದ್ರೆ ಯಾರಿಗಮ್ಮಾ?”

“ನಾನು ಟೈಲರ್. ಬಲಗಣ್ಣು.”

“ಅಯ್ಯೋ, ಆ ನಂಬರಲ್ಲಿ ಯಾರೋ ನಮ್ಮ ಕ್ಲರ್ಕನ್ನ ಹಿಗ್ಗಾಮುಗ್ಗಾ ಬೈದ್ರಂತೆ! ರಾಂಗ್ ನಂಬರ್ ಅಂತ ಅವರು ಮುಂದಿನವರಿಗೆ ಮಾಡ್ತಾ ಇದಾರೆ.”

“ನಿಲ್ಲಿಸಿ! ಬೈದೋಳು ನಾನೇ!”

“ನೀವೇ ಅಂತ ಹೇಗೆ ನಂಬೋದು? ನಮಗೂ ದಿನಾ ಎಂತೆಂಥ ಕರೆ ಬರ್ತವೆ ಗೊತ್ತಾ? ಎಲ್ಲಿ, ಏನಂತ ಬೈದ್ರಿ ಹೇಳಿ.”

ಟೈಲರಕ್ಕ ನಾಚಿಕೊಂಡಳು. ಆಮೇಲೆ ಉಸಿರು ಎಳೆದುಕೊಂಡು, ನೆಗಡಿಯ ಕೋತಿಯಿಂದ ತುಟಿಯ ಗುಂಡಿಯವರೆಗೆ ಅದೇ ಏರುದನಿಯಲ್ಲಿ ಒಪ್ಪಿಸಿದಳು. ಫೋನಿನ ಹಿಂದಿನಿಂದ ಗೊಗ್ಗರು ದನಿಯೊಂದು ಕೂಗಿತು: “ಅವರೇ ಸಿಸ್ಟರ್, ಅವರೇ! ಅದೇ ಕಾಜಾ!”

“ಬೇಗ ಬನ್ನಿ,” ನರ್ಸ್ ನಗು ತಡೆದುಕೊಂಡು ಅಂದಳು. “ಇನ್ನೂ ಮುಂದಿನವರು ಎತ್ತಿಲ್ಲ. ಕಣ್ಣು ನಿಮಗೇ.”

ಟ್ಯಾಕ್ಸಿ ಬರುವವರೆಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು.

“ಲೋ, ಇವತ್ತು ಸೋತಿದ್ದು ಯಾರು?”

“ಒತ್ತಿಲ್ಲ,” ಎಂದ ತಮ್ಮ.

ಅವಳಿಗೂ ಗೊತ್ತಿರಲಿಲ್ಲ. ಟೀ ಯಾರು ಮಾಡಿದರೂ ಒಬ್ಬಳು ಕುಡಿಯುವಂತಿಲ್ಲ, ಒಬ್ಬನಿಗೆ ಕುಡಿಯಲಾಗುವುದಿಲ್ಲ.

ಟ್ಯಾಕ್ಸಿ ಬಂತು, ಹತ್ತಿದರು. ಮುಂದಿನ ಸೀಟಿನಿಂದ ದನಿ ಕೇಳಿತು: “ದಯವಿಟ್ಟು ಗಮನಿಸಿ, ಬಾಗಿಲು ಸರಿಯಾಗಿ ಹಾಕಿಲ್ಲ.”

ಟೈಲರಕ್ಕ ಬೆಚ್ಚಿ ಪಕ್ಕಕ್ಕೆ ಕೈಚಾಚಿ ತಮ್ಮನ ಬಾಯಿ ಮುಟ್ಟಿ ನೋಡಿದಳು. ಹತ್ತಿ ಅಲ್ಲೇ ಇತ್ತು.