ಮೂರನೇ ದಿನದ ಬೆಳಿಗ್ಗೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ನಮ್ಮ ಮನೆಯ ಬಾಗಿಲಲ್ಲೇ ನಿಂತು ಕಟ್ಟಿರಬೇಕು. ಚಳಿಗಾಲದ ರಜೆಗೆ ಎಲ್ಲರೂ ಒಟ್ಟಿಗೆ ಎಲ್ಲಾದರೂ ಹೋಗೋಣ ಎಂದ ಕೂಡಲೇ ಅಣ್ಣ ಬೆಟ್ಟ ಎಂದ, ತಂಗಿ ಸಮುದ್ರ ಎಂದಳು. ಅಣ್ಣನಿಗೆ ಹಿಮದ ಮೇಲೆ ಜಾರಬೇಕಂತೆ. ಕನ್ನಡಕದ ಅಂಗಡಿಯಲ್ಲಿ ಕೂತು ಕೂತು ಅವನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದಿದೆ, ಆದರೂ ಜಾರಬೇಕು. ತಂಗಿ ಶಾಲೆಯಲ್ಲಿ ಚಿತ್ರಕಲೆ ಟೀಚರು. ಅವಳಿಗೆ ಮಕ್ಕಳ ಜೊತೆ ಮರಳಲ್ಲಿ ಆಡಬೇಕು, ದೋಣಿ ಹತ್ತಬೇಕು. ಹದಿನೈದು ದಿನ ಫೋನಿನಲ್ಲಿ ಕಿತ್ತಾಡಿದರು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, "ನೀನೇ ಒಂದು ಪಟ್ಟಿ ಹಾಕು, ನಿನಗದು ನೀರು ಕುಡಿದಷ್ಟು ಸುಲಭ" ಎಂದರು.

ಸುಲಭವೇ. ನಾನು ಆಸ್ಪತ್ರೆಯ ಒಂದು ವಾರ್ಡಿನ ಹಿರಿಯ ನರ್ಸ್. ಹನ್ನೊಂದು ವರ್ಷದಿಂದ ಇಪ್ಪತ್ತೆರಡು ನರ್ಸುಗಳ ಪಾಳಿ ಪಟ್ಟಿ ಬರೆಯುವವಳು ನಾನೇ. ಯಾರ ಮಗುವಿಗೆ ಜ್ವರ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರು ಸುಳ್ಳು ಸೊಂಟನೋವು ಹೇಳುತ್ತಾರೆ, ಎಲ್ಲ ಲೆಕ್ಕ ಹಿಡಿದು ಬರೆಯಬೇಕು. ನಮ್ಮ ವಾರ್ಡಿನಲ್ಲಿ ಒಂದು ಪದ್ಧತಿ ಇದೆ. ಪಟ್ಟಿಯಲ್ಲಿ ಒಂದು ಚೌಕವೂ ಖಾಲಿ ಇರಕೂಡದು. ಖಾಲಿ ಬಿಟ್ಟರೆ ಆ ಹೊತ್ತಿನಲ್ಲಿ ಯಾವನೋ ಒಬ್ಬ ರೋಗಿ ಗಂಟೆ ಒತ್ತಿ ಒತ್ತಿ ಸುಸ್ತಾಗುತ್ತಾನೆ. ಹಾಗಾಗಿ ಯಾರೂ ಸಿಗದ ಚೌಕದಲ್ಲಿ ಪಟ್ಟಿ ಬರೆದವಳೇ ಕೆಂಪು ಪೆನ್ನಿನಿಂದ ಒಂದು ಚುಕ್ಕೆ ಇಡಬೇಕು. ಚುಕ್ಕೆ ಎಂದರೆ ನಾನು.

ಒಂಬತ್ತು ದಿನದ ಪ್ರವಾಸ: ನಾಲ್ಕು ದಿನ ಸಮುದ್ರ, ಒಂದು ದಿನ ದಾರಿ, ನಾಲ್ಕು ದಿನ ಬೆಟ್ಟ. ಅಮ್ಮನೂ ಬರುತ್ತಾಳೆ. ಆರು ವರ್ಷದ ಹಿಂದೆ ಲಕ್ವ ಹೊಡೆದು ಅಮ್ಮನ ಬಲಗೈ, ಬಲಗಾಲು ಬಿದ್ದುಹೋಗಿವೆ. ಅಂದಿನಿಂದ ಗಾಲಿಕುರ್ಚಿಯೇ ಗತಿ. ನಾನು ಅವಳ ಜೊತೆಗಿದ್ದೇನೆ. ನಾನು ಡ್ಯೂಟಿಗೆ ಹೋದಾಗ ಮಾತ್ರ ಪಕ್ಕದ ಮನೆಯಾಕೆ ಬಂದು ಕೂರುತ್ತಾಳೆ. ಆ ಆರು ವರ್ಷದಲ್ಲಿ ನಾನು ಒಂದು ದಿನವೂ ರಜೆ ಎಂದು ಎಲ್ಲಿಗೂ ಹೋಗಿಲ್ಲ.

ಈ ಸಲ ನನಗೆ ಬೇಕಾಗಿದ್ದು ಒಂದೇ ಒಂದು. ಹೋಟೆಲಿನವರು ಕಳಿಸಿದ ಚಿತ್ರದಲ್ಲಿ ಸಮುದ್ರದ ದಂಡೆಯುದ್ದಕ್ಕೂ ಮರಳು, ಆ ತುದಿಯಲ್ಲಿ ಒಂದು ದೀಪಸ್ತಂಭ. ಹೋಗಿ ಬರಲು ಮೂರು ಗಂಟೆ. ಮೂರನೇ ದಿನದ ಬೆಳಿಗ್ಗೆ ಒಬ್ಬಳೇ ಅಲ್ಲಿಗೆ ನಡೆದು ಹೋಗಬೇಕು. ಹಿಂದಿನಿಂದ ಯಾರೂ "ಸಿಸ್ಟರ್" ಅನ್ನಬಾರದು, "ಅಕ್ಕಾ" ಅನ್ನಬಾರದು. ಅದಕ್ಕೆಂದೇ ಒಂದು ಜೊತೆ ಕ್ಯಾನ್ವಾಸ್ ಬೂಟು ಕೊಂಡು ಆಸ್ಪತ್ರೆಯ ಲಾಕರಿನಲ್ಲಿ ಇಟ್ಟಿದ್ದೆ. ಮನೆಯವರಿಗೂ ಹೇಳಿದ್ದೆ. ಎಲ್ಲರೂ ಫೋನಿನಲ್ಲಿ "ಹೋಗು ಹೋಗು, ಅದಕ್ಕೇನಂತೆ" ಎಂದಿದ್ದರು.

ಭಾನುವಾರ ಮಧ್ಯಾಹ್ನ ಎಲ್ಲರೂ ನಮ್ಮ ಮನೆಗೆ ಬಂದರು. ಮಕ್ಕಳು ಅಂಗಳಕ್ಕೆ ಓಡಿದರು. ಅಮ್ಮ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ನಾನು ಅಡುಗೆಮನೆಯ ಮೇಜಿನ ಮೇಲೆ ಪಟ್ಟಿಯ ಪ್ರತಿಗಳನ್ನು ಹಂಚಿದೆ. ಮೇಲ್ಗಡೆ ಯಾರು ಯಾವ ದಿನ ಏನು ನೋಡುತ್ತಾರೆ ಎಂಬುದು. ಕೆಳಗಡೆ, ಅಮ್ಮನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾರ ಪಾಲಿಗೆ ಎಂಬ ಇಪ್ಪತ್ತೇಳು ಚೌಕಗಳು.

ಅತ್ತಿಗೆ ಓದಿದಳು. ಮುಖ ಅರಳಿತು. "ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀಯೇ! ನಮಗಿನ್ನು ಯಾವ ಯೋಚನೆನೂ ಇಲ್ಲ."

ಆಗ ನಾನೂ ನೋಡಿದೆ. ಪಟ್ಟಿಯ ಕೆಳಭಾಗ ದಡಾರ ಎದ್ದ ಮಗುವಿನ ಮೈಯ ಹಾಗಿತ್ತು. ಚುಕ್ಕೆ, ಚುಕ್ಕೆ, ಚುಕ್ಕೆ. ಅಣ್ಣ ತಾನಾಗಿ ಒಪ್ಪಿದ್ದು ಎರಡು ಸಂಜೆ, ತಂಗಿ ಒಪ್ಪಿದ್ದು ಮೂರು ಮಧ್ಯಾಹ್ನ. ಉಳಿದ ಇಪ್ಪತ್ತೆರಡೂ ನಾನು. ವಾರ್ಡಿನಲ್ಲಿ ಎರಡು ಇಂಜೆಕ್ಷನ್ನುಗಳ ನಡುವೆ ಬರೆದ ಪಟ್ಟಿ ಅದು. ಖಾಲಿ ಚೌಕ ಕಂಡಲ್ಲೆಲ್ಲ ಕೈ ತಾನಾಗಿ ಓಡಿತ್ತು. ಮೂರನೇ ದಿನದ ಬೆಳಿಗ್ಗೆಯಲ್ಲೂ ಒಂದು ಚುಕ್ಕೆ ದುಂಡಗೆ ಕೂತಿತ್ತು. ನಾನೇ ಇಟ್ಟದ್ದು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ.

"ಇದು ತಪ್ಪಾಗಿದೆ. ಮೂರನೇ ದಿನ ಬೆಳಿಗ್ಗೆ ನಾನಿರಲ್ಲ. ಯಾರು ತಗೋತೀರಾ?" ಎಂದೆ.

ಅಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ. ಗಿರಾಕಿ ತಕರಾರು ಮಾಡಿದಾಗಲೂ ಅವನು ಹೀಗೇ ಮಾಡುವುದು.

"ಅವತ್ತು ಬೆಳಿಗ್ಗೆ ದೋಣಿ ಇದೆಯಲ್ಲಕ್ಕ," ಎಂದಳು ತಂಗಿ.

"ದೋಣಿ ಮಾರನೇ ದಿನಾನೂ ಇರುತ್ತೆ."

"ನೀನೇ ಬರ್ದಿದ್ದೀಯ, ಈಗ ನಮ್ಮ ಮೇಲೆ ಹಾರಿದ್ರೆ ಹೇಗೆ?" ಎಂದ ಅಣ್ಣ. "ನಾವೇನಾದ್ರೂ ನಿನ್ನ ಕೈ ಹಿಡಿದು ಬರೆಸಿದ್ವಾ?"

"ನಿನಗೆ ಅಭ್ಯಾಸ ಇದೆ ಅಕ್ಕ. ಎತ್ತೋದು, ಕೂರಿಸೋದು ನಮಗೆಲ್ಲಿ ಬರುತ್ತೆ? ಬೀಳಿಸಿಬಿಟ್ರೆ?"

"ನಿನಗೇನಮ್ಮ, ಹಿಂದಿಲ್ಲ ಮುಂದಿಲ್ಲ," ಎಂದಳು ಅತ್ತಿಗೆ, ಬಾಯಲ್ಲಿ ಬೆಲ್ಲ ಇಟ್ಟುಕೊಂಡವಳ ಹಾಗೆ. "ಯಾವಾಗ ಬೇಕಾದ್ರೂ ಹೋಗಬಹುದು. ನಮಗೆ ಮಕ್ಕಳ ರಜೆ ಬಿಟ್ರೆ ಆಗಲ್ಲ."

ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ವಾರ್ಡಿನಲ್ಲಿ ಎಂಥೆಂಥವರ ಬಾಯಿಂದ ಏನೇನೋ ಕೇಳಿದ್ದೇನೆ, ದನಿ ಏರಿಸಿದವಳಲ್ಲ. ಅವತ್ತು ಏರಿಸಿದೆ. ಮೇಜಿಗೆ ಗುದ್ದಿದ್ದಕ್ಕೆ ಲೋಟಗಳು ಕುಣಿದವು.

"ಯಾವಾಗ ಬೇಕಾದ್ರೂ? ಯಾವಾಗ ಹೋಗಿದ್ದೀನಿ ಹೇಳಿ ಅತ್ತಿಗೆ, ಒಂದು ದಿನ ತೋರಿಸಿ! ಒಂದು ವಾರ ಕೇಳ್ಲಿಲ್ಲ, ಒಂದು ದಿನ ಕೇಳ್ಲಿಲ್ಲ, ಮೂರು ಗಂಟೆ ಕೇಳ್ದೆ. ಅಭ್ಯಾಸ ಅಂತೆ! ನಾನೇನು ಹುಟ್ಟುವಾಗಲೇ ಮಲದ ಪಾತ್ರೆ ಹಿಡ್ಕೊಂಡು ಹುಟ್ಟಿದ್ನಾ? ಹಿಮದಲ್ಲಿ ಜಾರೋಕೆ ಸೊಂಟ ಇದೆ, ಹೆತ್ತ ತಾಯಿನ ಕುರ್ಚಿಗೆ ಎತ್ತಿ ಕೂರಿಸೋಕೆ ಸೊಂಟ ಇಲ್ಲ ನಿಂಗೆ! ಅಮ್ಮನ್ನ ಒಂದೇ ಒಂದು ಬೆಳಿಗ್ಗೆ ಹೊತ್ಕೊಳ್ಳೋಕಾಗಲ್ವಾ ನಿಮಗೆಲ್ಲ ಸೇರಿ? ಆರು ವರ್ಷದಿಂದ ಒಬ್ಬಳೇ ಹೊತ್ತು ಹೊತ್ತು ನನಗೆ ಸಾಕಾಗಿಹೋಗಿದೆ!"

ಹೇಳಿ ಮುಗಿಸಿದಾಗ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದರು. ಅಮ್ಮ ಎಡಗೈಯಿಂದ ಒಂದೇ ಗಾಲಿ ತಳ್ಳುತ್ತಾ, ಗೋಡೆಗೆ ತಗುಲಿಕೊಂಡು, ಅಲ್ಲಿಯವರೆಗೆ ಬಂದಿದ್ದಳು. ಹಾಸಿಗೆಯಿಂದ ಕುರ್ಚಿಗೆ ತಾನೇ ಜರುಗಿ ಕೂತಿರಬೇಕು, ಆ ಹೊತ್ತಿನಲ್ಲಿ ನನಗದು ಹೊಳೆಯಲೇ ಇಲ್ಲ.

"ಆ ಕಾಗದ ಕೊಡು," ಎಂದಳು.

ಅಣ್ಣ ಕೊಟ್ಟ. ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ ಓದಿದಳು.

"ಇದರಲ್ಲಿ ನಾನೆಲ್ಲಿದ್ದೀನಿ?"

"ಇಲ್ಲೇ ಇದೆಯಲ್ಲಮ್ಮ," ಎಂದು ಬಗ್ಗಿ ತೋರಿಸಿದೆ. "ಅಮ್ಮ ಬೆಳಿಗ್ಗೆ, ಅಮ್ಮ ಮಧ್ಯಾಹ್ನ..."

"ಅದು ಕೆಲಸ. ನೀವೆಲ್ಲ ಮಾಡೋ ಕೆಲಸ. ನಾನೆಲ್ಲಿ?" ಬೆರಳು ಮೇಲಿನ ಸಾಲುಗಳ ಮೇಲೆ ಓಡಿತು. "ಇವನು ಹಿಮದಲ್ಲಿ ಜಾರ್ತಾನೆ. ಇವಳು ದೋಣಿ ಹತ್ತುತ್ತಾಳೆ. ಮಕ್ಕಳು ಮರಳಲ್ಲಿ ಮನೆ ಕಟ್ತವೆ. ನಾನೇನು ಮಾಡ್ತೀನಿ? ಎಲ್ಲರಿಗೂ ಫೋನ್ ಮಾಡಿ ಮಾಡಿ ಕೇಳ್ದೆಯಲ್ಲ, ಪಕ್ಕದ ಕೋಣೇಲಿದ್ದ ನನ್ನನ್ನ ಕೇಳ್ದೆಯೇನೆ?"

ಕೇಳಿರಲಿಲ್ಲ. ವಾರ್ಡಿನ ಪಟ್ಟಿಯಲ್ಲೂ ರೋಗಿಗಳಿಗೆ ಜಾಗ ಇರುವುದಿಲ್ಲ.

"ಈಗ ಹೇಳಮ್ಮ," ಎಂದಳು ತಂಗಿ, ಅಳು ಬಂದವಳ ಹಾಗೆ. "ಏನು ಬೇಕು ನಿನಗೆ?"

"ಈಗ ಕೇಳ್ತೀಯಾ, ನಾನು ಎದುರಿಗೆ ಬಂದು ಕೂತ ಮೇಲೆ?" ಅಮ್ಮ ಅವಳನ್ನು ಮುಖ ಎತ್ತಿಯೂ ನೋಡಲಿಲ್ಲ. ನನ್ನ ಕಡೆ ಎಡಗೈ ಚಾಚಿದಳು. "ಪೆನ್ನು."

ಕೆಂಪು ಪೆನ್ನು ಕೊಟ್ಟೆ. ಎಡಗೈಯಲ್ಲಿ ಮುಷ್ಟಿ ಕಟ್ಟಿ ಹಿಡಿದು, ಮೂರನೇ ದಿನದ ಬೆಳಿಗ್ಗೆಯ ಚುಕ್ಕೆಯನ್ನು ಗೀಚಿ ಗೀಚಿ ಕಾಗದ ಹರಿಯುವ ಹಾಗೆ ಹೊಡೆದುಹಾಕಿದಳು.

"ಅವತ್ತು ಬೆಳಿಗ್ಗೆ ನೀನು ನನ್ನನ್ನ ನೀರಿನ ಹತ್ತಿರ ತಗೊಂಡ್ಹೋಗಿ ಕೂರಿಸ್ತೀಯ," ಎಂದಳು ಅಣ್ಣನಿಗೆ. "ಕೂರಿಸಿ ನಿನ್ನ ದಾರಿ ಹಿಡೀತೀಯ. ಬೇಕಾದ್ರೆ ಕೂಗ್ತೀನಿ. ಬಾಯಿಗೇನೂ ಲಕ್ವ ಹೊಡೆದಿಲ್ಲ."

"ಒಬ್ಬಳೇ ಹೇಗಮ್ಮ?" ಎಂದೆ. ಬಾಯಿಂದ ತಾನಾಗಿ ಬಂದುಬಿಟ್ಟಿತು. "ನಾನು ಬೇಕಾದ್ರೆ ದೂರ ಹೋಗಲ್ಲ, ಅಲ್ಲೇ ಹತ್ತಿರದಲ್ಲೇ..."

"ನೀನು ಹತ್ತಿರ ಇರಬಾರದು!"

ಅಷ್ಟು ಜೋರಾಗಿ ಅಮ್ಮ ಕೂಗಿದ್ದನ್ನು ನಾನು ಆರು ವರ್ಷದಲ್ಲಿ ಕೇಳಿರಲಿಲ್ಲ. ಮುಖ ಕೆಂಪಾಗಿತ್ತು.

"ಕಣ್ಣು ಬಿಟ್ರೆ ನೀನು, ಕಣ್ಣು ಮುಚ್ಚಿದ್ರೆ ನೀನು. ಇಷ್ಟು ನುಂಗು, ಹೀಗೆ ತಿರುಗು, ಆಯ್ತಾ, ಮುಗೀತಾ. ನಿನಗೊಬ್ಬಳಿಗೇ ಸಾಕಾಗಿದೆ ಅಂದ್ಕೊಂಡಿದ್ದೀಯಾ? ನನಗೂ ರಜೆ ಬೇಕು ಕಣೇ. ನಿನ್ನಿಂದ."

ನನ್ನ ಸಿಟ್ಟು ಹೋಗಲಿಲ್ಲ. ಅಷ್ಟು ಮಾಡಿದ್ದಕ್ಕೆ ಈ ಮಾತು ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣವೇ, ನಾನು ಎರಡು ನಿಮಿಷದ ಹಿಂದೆ ಇದೇ ಮಾತನ್ನು ಇದಕ್ಕಿಂತ ಜೋರಾಗಿ ಹೇಳಿದ್ದು ನೆನಪಾಯಿತು.

ಮಾರನೇ ದಿನ ವಾರ್ಡಿನಲ್ಲಿ ಹೊಸ ಪಟ್ಟಿ ಬರೆದೆ. ಅಣ್ಣನಿಗೆ ಎಂಟು ಚೌಕ, ತಂಗಿಗೆ ಎಂಟು, ಅತ್ತಿಗೆಯನ್ನೂ ಬಿಡಲಿಲ್ಲ. ಮೇಲಿನ ಭಾಗದ ಮೊದಲ ಸಾಲಿನಲ್ಲಿ ಅಮ್ಮ ಎಂದು ಬರೆದೆ. ಅದರ ಎದುರು, ಮೂರನೇ ದಿನಕ್ಕೆ: ನೀರಿನ ಹತ್ತಿರ, ಒಬ್ಬಳೇ. ಉಳಿದ ಎಂಟು ದಿನಕ್ಕೆ ಏನು ಬೇಕೆಂದು ಇವತ್ತು ಮನೆಗೆ ಹೋಗಿ ಕೇಳಬೇಕು, ಹೇಳುತ್ತಾಳೋ, ಉಗಿಯುತ್ತಾಳೋ.

ಕೆಳಭಾಗದಲ್ಲಿ ಆ ಬೆಳಿಗ್ಗೆಯ ಚೌಕ ಖಾಲಿ ಉಳಿಯಿತು. ನೋಡಲಾಗಲಿಲ್ಲ. ಎರಡು ಸಲ ಕೈ ಕೆಂಪು ಪೆನ್ನಿನ ಕಡೆ ಹೋಯಿತು. ಮೂರನೇ ಸಲ ಪೆನ್ನನ್ನೇ ಎತ್ತಿಕೊಂಡು ಹೋಗಿ ಲಾಕರಿನಲ್ಲಿ, ಬೂಟುಗಳಿದ್ದ ಜಾಗದಲ್ಲಿ ಇಟ್ಟು ಬೀಗ ಹಾಕಿದೆ. ಬೂಟು ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೊರಟೆ.