ಬಿಸಿಲಿಗಿಟ್ಟ ನೇರಳೆ

ನೇರಳೆ ಬಣ್ಣದ ದ್ರಾವಣಕ್ಕೆ, ಸಕ್ಕರೆ ಕಾಯಿಲೆಗೆ ಮದ್ದೆಂದು ಜನ ನಂಬುವ ಎಲೆಯೊಂದರ ಸಾರ ಬೆರೆಸಿ ಅರ್ಧ ಗಂಟೆ ಕತ್ತಲಲ್ಲಿಡಬೇಕು. ಸಾರಕ್ಕೆ ಉತ್ಕರ್ಷಣ ತಡೆಯುವ ಶಕ್ತಿ ಇದ್ದಷ್ಟೂ ನೇರಳೆ ಮಾಸಿ ಹಳದಿಗೆ ತಿರುಗುತ್ತದೆ. ಪ್ರಯೋಗಾಲಯದವರೆಲ್ಲ ಮೌನಗೌರಿ ಎಂದು ಕರೆಯುವ ಹುಡುಗಿ ಮೂರು ವರ್ಷದಿಂದ ಈ ಬಣ್ಣವನ್ನೇ ಕಾಯುತ್ತಿದ್ದಳು. ಹೋದ ತಿಂಗಳು ಅದು ನೂರಕ್ಕೆ ತೊಂಬತ್ತೊಂದು ಪಾಲು ಮಾಸಿತು. ಅಪರೂಪಕ್ಕೆ ಬಾಯಿಬಿಟ್ಟು ಮನೆಯಲ್ಲಿ ಹೇಳಿಕೊಂಡಳು.

ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆಯಿದ್ದ ಅಮ್ಮ ಆಗ ಎಲೆಯ ಹೆಸರನ್ನಷ್ಟೇ ಕೇಳಿಕೊಂಡಳು. ಮೊನ್ನೆ ಬೆರಳು ಚುಚ್ಚಿ ನೋಡಿದರೆ ಯಂತ್ರ ಮುನ್ನೂರ ಹನ್ನೆರಡು ತೋರಿಸಿತು. ಗದರಿ ಕೇಳಿದ ಮೇಲೆ ವಿಷಯ ಹೊರಬಿತ್ತು: ಅಮ್ಮ ಮಾತ್ರೆ ಬಿಟ್ಟು ಅದೇ ಎಲೆಯ ಕಷಾಯ ಕುಡಿಯುತ್ತಿದ್ದಳು. ಎಷ್ಟು ಹೇಳಿದರೂ ಮಾತ್ರೆ ಮುಟ್ಟಲಿಲ್ಲ. ಮಗಳು ಕಂಡುಹಿಡಿದದ್ದಲ್ಲವೇ.

ಮರುದಿನ ಮಗಳು ಪ್ರಯೋಗವನ್ನೆಲ್ಲ ಮೊದಲಿನಿಂದ ಮಾಡಿದಳು. ತೊಂಬತ್ತೊಂದು ಬಂದ ದಿನ ಕತ್ತಲೆಯ ಬೀರು ತುಂಬಿತ್ತೆಂದು ನಳಿಕೆಗಳನ್ನು ಕಿಟಕಿಯ ಪಕ್ಕ ಇಟ್ಟಿದ್ದು ನೆನಪಾಯಿತು. ಈಗ ಸಾರವೇ ಇಲ್ಲದ ನಳಿಕೆಯೊಂದನ್ನು ಅಲ್ಲಿಟ್ಟಳು. ಅದೂ ಮಾಸಿತು. ಬೀರುವಿನ ಕತ್ತಲಲ್ಲಿಟ್ಟ ನಳಿಕೆಯಲ್ಲಿ ಎಲೆಯ ಸಾರ ಮಾಸಿಸಿದ್ದು ಮೂವತ್ತೆಂಟು ಪಾಲು ಮಾತ್ರ.

ಪ್ರಬಂಧ ಕಳಿಸಲು ತುದಿಗಾಲಲ್ಲಿ ನಿಂತಿದ್ದ ಮಾರ್ಗದರ್ಶಕರು ಕಡ್ಡಿಯನ್ನು ಗುಡ್ಡ ಮಾಡಬೇಡವೆಂದರು. ಎರಡು ಅಂಕಿಯೂ ಅವಳ ಕೈಯಿಂದಲೇ ಬಂದದ್ದು, ಒಳ್ಳೆಯದನ್ನು ಆರಿಸಿಕೊಳ್ಳಲಿ ಎಂದರು.

"ತೊಂಬತ್ತೊಂದು ಎಲೆದಲ್ಲ ಸರ್, ಬಿಸಿಲಿಂದು. ನಾನು ಸಹಿ ಹಾಕಲ್ಲ."

"ಹಾಗಾದ್ರೆ ಈ ವರ್ಷ ಪದವಿ ಮರೆತುಬಿಡು."

"ಮರೆತೆ ಸರ್."

ಪ್ರಯೋಗದ ದಿನಚರಿ ಪುಸ್ತಕ ತೆರೆದು, ಅವರು ನೋಡುತ್ತಿದ್ದಂತೆಯೇ ತೊಂಬತ್ತೊಂದರ ಮೇಲೆ ಗೀಟು ಎಳೆದಳು. ಪಕ್ಕದಲ್ಲಿ 'ನನ್ನ ತಪ್ಪು, ಬಿಸಿಲಿಗಿಟ್ಟೆ' ಎಂದು ಬರೆದು ತಾರೀಖು ಹಾಕಿದಳು.

ಸಂಜೆ ಅಮ್ಮ ಕಷಾಯದ ಲೋಟ ಹಿಡಿದು ಕೂತಿದ್ದಳು. ಮಗಳು ಎದುರಿಗೆ ಕೂತು ಕಿಟಕಿ, ಬೀರು, ಪದವಿ, ಒಂದನ್ನೂ ಬಿಡದೆ ಹೇಳಿದಳು. ಆ ಮೂವತ್ತೆಂಟೂ ಗಾಜಿನ ನಳಿಕೆಯಲ್ಲಿ ಕಂಡದ್ದು, ಅಮ್ಮನ ರಕ್ತದಲ್ಲಲ್ಲ ಎಂದಳು.

ಅಮ್ಮ ಲೋಟವನ್ನು ಕೆಳಗಿಟ್ಟಳು.

"ಮತ್ತೆ ಮೂರು ವರ್ಷ ಅಲ್ಲಿ ಕಡಿದು ಕಟ್ಟೆ ಹಾಕಿದ್ದಾದ್ರೂ ಏನೇ?"

"ಮೂವತ್ತೆಂಟು. ಸುಳ್ಳಲ್ಲದ್ದು."

"ಕಹಿ ಕುಡಿದೋಳು ನಾನು, ಬುದ್ಧಿ ಬಂದಿದ್ದು ನಿಂಗೆ," ಎನ್ನುತ್ತ ಅಮ್ಮ ಎದ್ದು ಕಷಾಯವನ್ನು ಬಚ್ಚಲಿಗೆ ಸುರಿದಳು. ತಿರುಗಿ ನೋಡದೆಯೇ ಹಿಂದಕ್ಕೆ ಕೈ ಚಾಚಿದಳು.

ಮಗಳು ಆ ಅಂಗೈ ಮೇಲೆ ಮಾತ್ರೆ ಇಟ್ಟಳು.