ಅಮ್ಮ ಮಾಡಿದ ಪಾತ್ರ

ಎಡಗಿವಿಯ ಹಿಂದಿನ ಬಣ್ಣ ಮಾತ್ರ ಹೋಗುತ್ತಲೇ ಇರಲಿಲ್ಲ. ಮಗಳು ಹತ್ತಿಗೆ ಮತ್ತೆ ಎಣ್ಣೆ ಹಚ್ಚಿ, ಅಮ್ಮನ ತಲೆಯನ್ನು ತುಸುವೇ ವಾಲಿಸಿ ಒರೆಸಿದಳು. ನಿನ್ನೆ ಸಂಜೆ ಕಾಲೇಜಿನಲ್ಲಿ ತಾಲೀಮು ಮುಗಿಸಿ ಬಣ್ಣ ತೆಗೆಯುತ್ತಿದ್ದ ಅಮ್ಮ ಕನ್ನಡಿಯ ಮುಂದೆಯೇ ಕುಸಿದು ಪ್ರಾಣ ಬಿಟ್ಟಿದ್ದಳು. ಮುಖ ಪೂರ್ತಿ ಒರೆಸಿಕೊಂಡಿದ್ದಳು. ಕಿವಿಯ ಹಿಂದೆ ಉಳಿದುಹೋಗಿತ್ತು. ದಿನವೂ ಹೀಗೆಯೇ ಉಳಿಸಿಕೊಂಡು ಬಂದು ದಿಂಬಿಗೆಲ್ಲ ಕಲೆ ಮಾಡುತ್ತಿದ್ದಳು. ಮಗಳು ಗೊಣಗುತ್ತಾ ಒರೆಸಿಕೊಡುತ್ತಿದ್ದಳು.

"ಐವತ್ತೇಳು ವರ್ಷಕ್ಕೆ ಡಿಗ್ರಿ ಬೇಕಿತ್ತಾ ನಿಮ್ಮಮ್ಮಂಗೆ?" ಬಾಗಿಲಲ್ಲಿ ನಿಂತ ಚಿಕ್ಕಮ್ಮ ಮೂಗೊರೆಸಿಕೊಂಡಳು. "ಅದೂ ನಾಟಕ, ಸಿನಿಮಾದ ಡಿಗ್ರಿ. ಮೂವತ್ತು ವರ್ಷ ಮಷಿನ್ ತುಳಿದು ಕಂಡವರ ಮಕ್ಕಳಿಗೆಲ್ಲ ಯೂನಿಫಾರಂ ಹೊಲಿದ್ಳು. ಆಮೇಲೆ ತಾನೇ ಕಾಲೇಜಿಗೆ ಹೊರಟ್ಳು. ಹೇಳಿದ್ರೆ ಕೇಳ್ತಿದ್ಳಾ?"

"ನೀನೇನು ಕಡಿಮೆ ಚಿಕ್ಕಮ್ಮ? ಅವಳ ಮೊದಲನೇ ನಾಟಕಕ್ಕೆ ಮೂರು ದಿನಾನೂ ಹೋಗಿ ಕೂತಿದ್ಯಲ್ಲ."

"ಹೋಗದೆ? ಒಂದೇ ಒಂದು ಮಾತಿದ್ದಿದ್ದು ಅವಳಿಗೆ. 'ಕಾಗದ ಬಂದಿದೆ ಅಮ್ಮಾವ್ರೇ.' ಅದನ್ನ ಮೂರು ದಿನ ಮೂರು ಥರ ಹೇಳಿದ್ಳು ಕಣೇ." ನಗಲು ಹೋದ ಚಿಕ್ಕಮ್ಮ ಚೌಕಟ್ಟಿಗೆ ಹಣೆಯೊತ್ತಿ ಅತ್ತಳು.

ಹಾಲಿನಲ್ಲಿ ಮಗಳ ಗಂಡ ಕುರ್ಚಿ ಹಾಕಿಸುತ್ತಿದ್ದ. ಬೆಳಗ್ಗೆ ಆರಕ್ಕೇ ಕಾರಿನಲ್ಲಿ ಬಂದವನು ಎಲ್ಲವನ್ನೂ ಅಚ್ಚುಕಟ್ಟಾಗಿ ನಡೆಸುತ್ತಿದ್ದ. ಎದುರುಮನೆಯ ನರ್ಸ್ ಅವಳ ಕೈ ಹಿಡಿದುಕೊಂಡು, "ಹೇಗಾಯ್ತಮ್ಮಾ?" ಎಂದಳು.

ಅವಳು ಬಾಯಿ ತೆರೆದಳು.

"ಹಾರ್ಟ್ ಅಟ್ಯಾಕ್," ಗಂಡ ಹಿಂದಿನಿಂದ ಹೇಳಿದ. "ನೋವೇನೂ ಆಗಿಲ್ಲ."

"ನೀನು ಜೊತೆಗಿದ್ಯಾ?"

"ಇಲ್ಲ, ಇವಳು ಆಫೀಸಲ್ಲಿದ್ಳು. ಎಂಟು ತಿಂಗಳಿಂದ ಇಲ್ಲೇ ಇದ್ದಳಲ್ಲ, ಅಮ್ಮನ್ನ ನೋಡ್ಕೊಳ್ಳೋಕೆ ಅಂತ. ಇವತ್ತು ಸಂಜೆ ಕರ್ಕೊಂಡು ಹೋಗ್ತೀನಿ."

ಅವಳು ಹೆಬ್ಬೆರಳನ್ನು ಕೆಳತುಟಿಗೆ ಒತ್ತಿ ಬಾಯಿ ಮುಚ್ಚಿಕೊಂಡಳು. ಗೋಡೆಗೊರಗಿ ಅಮ್ಮನ ಸಹಪಾಠಿಗಳು ನಿಂತಿದ್ದರು, ಇಪ್ಪತ್ತು ಇಪ್ಪತ್ತೊಂದರ ಹನ್ನೆರಡು ಮಕ್ಕಳು. ಅವರಲ್ಲಿ ಗಿಡ್ಡ ಕೂದಲಿನ ಒಬ್ಬ ಹುಡುಗಿ ಅವಳ ಹೆಬ್ಬೆರಳನ್ನೇ ದಿಟ್ಟಿಸುತ್ತಿದ್ದಳು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

*

ಎಂಟು ತಿಂಗಳ ಹಿಂದೆ ಅವಳು ಸೂಟ್‌ಕೇಸ್ ಹಿಡಿದು ಬಂದಾಗ ಅಮ್ಮ ಹೊಲಿಗೆ ಮಷಿನ್ನಿನ ಮೇಲೆ ಪುಸ್ತಕ ಹರಡಿಕೊಂಡು ಪರೀಕ್ಷೆಗೆ ಓದುತ್ತಿದ್ದಳು. "ಬಾ," ಎಂದಳು. "ಕ್ಯಾಮೆರಾ ಎತ್ತರದಲ್ಲಿಟ್ರೆ ಮನುಷ್ಯ ಚಿಕ್ಕವನಾಗಿ ಕಾಣ್ತಾನಂತೆ. ಇಷ್ಟು ವರ್ಷ ಯಾರಾದ್ರೂ ಹೇಳಿದ್ರಾ ನನಗೆ?" ಆಮೇಲೆ ಸೂಟ್‌ಕೇಸ್ ನೋಡಿದಳು. "ಊಟ ಮಾಡಿದ್ಯಾ?"

ಅಷ್ಟೇ. ಎಷ್ಟು ದಿನಕ್ಕೆ ಬಂದೆ ಎಂದು ಅವತ್ತು ಕೇಳಲಿಲ್ಲ, ಮುಂದಿನ ತಿಂಗಳೂ ಕೇಳಲಿಲ್ಲ.

ಕೇಳಿದ್ದರೂ ಹೇಳುವಂಥದ್ದೇನಿತ್ತು? ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಡಾಕ್ಟರು ಅವಳನ್ನು ಎಲ್ಲಿ ನೋವು ಎಂದು ಕೇಳಿದರೆ ಅವನು ಹೇಳುತ್ತಿದ್ದ. ಅಂಗಡಿಯವನು ಯಾವ ಬಣ್ಣ ಎಂದರೆ ಅವನು ಹೇಳುತ್ತಿದ್ದ. ಹನ್ನೊಂದು ವರ್ಷ ಹೀಗೆ ಕಳೆದ ಮೇಲೆ ಆಫೀಸಿನಲ್ಲಿ ಯಾರೋ "ಕಾಫಿನಾ, ಟೀನಾ?" ಎಂದಾಗ ಉತ್ತರ ಹೊಳೆಯದೆ ಅವಳಿಗೆ ಅಳು ಬಂದಿತ್ತು. ಇದನ್ನು ಕಷ್ಟವೆಂದು ಯಾರ ಮುಂದೆ ಹೇಳುವುದು?

ಬಚ್ಚಲಿನ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು. ಹೊರಗೆ ಅಮ್ಮ ಓಡಾಡುತ್ತಾ ನಾಟಕದ ಮಾತು ಬಾಯಿಪಾಠ ಮಾಡುವುದು ಕೇಳಿಸುತ್ತಿತ್ತು. ಹೆತ್ತ ಮಗಳಿಗಿಂತ ಇವಳಿಗೆ ನಾಟಕ ಹೆಚ್ಚಾಯಿತು ಎಂದುಕೊಳ್ಳುತ್ತಿದ್ದಳು. ಆ ಸಿಟ್ಟಿಗೇ ಈ ವರ್ಷ ಅಮ್ಮನ ಒಂದು ಪ್ರದರ್ಶನಕ್ಕೂ ಹೋಗಿರಲಿಲ್ಲ.

*

ಗಿಡ್ಡ ಕೂದಲಿನ ಹುಡುಗಿ ನೀರು ಕೇಳಿಕೊಂಡು ಅಡುಗೆಮನೆಗೆ ಬಂದಳು. ಸಿನಿಮಾ ಸಂಕಲನ ಕಲಿಯುತ್ತಿದ್ದವಳು, ಅಮ್ಮ ಅವಳನ್ನು ಕತ್ತರಿ ಎಂದು ಕರೆಯುತ್ತಿದ್ದಳು.

"ಯಾಕೆ ನನ್ನನ್ನ ಹಾಗೆ ನೋಡ್ತಿದ್ದೆ?"

"ಸಾರಿ ಅಕ್ಕ. ಆ ಹೆಬ್ಬೆರಳು ಇಡೋದು... ನಮ್ಮ ಸೀನಿಯರ್ ಮಾಡ್ತಿದ್ರು." ತರಗತಿಗೆಲ್ಲ ಹಿರಿಯಳೆಂದು ಮಕ್ಕಳು ಅಮ್ಮನಿಗಿಟ್ಟ ಹೆಸರು ಅದು. "ಯಾರದ್ದು ಅಂತ ಕೊನೆಗೂ ಹೇಳಲಿಲ್ಲ ಅವರು. ಈಗ ಗೊತ್ತಾಯ್ತು."

ಹುಡುಗಿ ತಡವರಿಸುತ್ತಾ ಹೇಳಿದಳು. ಮೂರನೇ ವರ್ಷದ ಅಭಿನಯಕ್ಕೆ ಒಂದು ಪರೀಕ್ಷೆ. ನಿಜವಾದ ಒಬ್ಬ ವ್ಯಕ್ತಿಯನ್ನು ಒಂದು ತಿಂಗಳು, ಅವರಿಗೆ ತಿಳಿಯದಂತೆ ಗಮನಿಸಬೇಕು. ಆಮೇಲೆ ಹತ್ತು ನಿಮಿಷ ಅವರೇ ಆಗಿಬಿಡಬೇಕು.

"ನಾವೆಲ್ಲ ಬಸ್ ಕಂಡಕ್ಟರು, ವಾಚ್‌ಮನ್ನು ಅಂತ ಮಾಡಿದ್ವಿ. ಸೀನಿಯರ್ ಒಂದು ಕುರ್ಚಿ ಮೇಲೆ ಕೂತು, ನನ್ನನ್ನ ಏನಾದ್ರೂ ಕೇಳಿ ಅಂದ್ರು. ಏನು ಕೇಳಿದ್ರೂ ಬಾಯಿ ತೆಗೆಯೋರು, ಯಾರೋ ಉತ್ತರ ಹೇಳಿಬಿಟ್ರು ಅನ್ನೋ ಹಾಗೆ ಪಕ್ಕಕ್ಕೆ ನೋಡೋರು, ಹೀಗೆ ಹೆಬ್ಬೆರಳು ಇಡೋರು. ಪಕ್ಕದಲ್ಲಿ ಯಾರೂ ಇಲ್ಲ ಅಕ್ಕ. ಮೊದಮೊದಲು ನಕ್ವಿ. ಆಮೇಲೆ ಯಾರಿಗೂ ಪ್ರಶ್ನೆ ಕೇಳೋಕೇ ಧೈರ್ಯ ಬರಲಿಲ್ಲ. ಆಗ ಎದ್ದು, ನಲ್ಲಿ ತಿರುಗಿಸೋ ಹಾಗೆ ಮಾಡಿ, ಕೆಳಗೆ ಕೂತು..."

"ಸಾಕು." ಅವಳು ಕಟ್ಟೆಯಂಚನ್ನು ಹಿಡಿದುಕೊಂಡಳು. "ಗೊತ್ತಿತ್ತಾ ಅವಳಿಗೆ? ಗೊತ್ತಿದ್ದೂ ಒಂದು ಸಲ ಬಾಗಿಲು ತಟ್ಟಲಿಲ್ವಾ?"

"ಮೇಷ್ಟ್ರೂ ಅದನ್ನೇ ಕೇಳಿದ್ರು, ಆಗ ನೀವೆಲ್ಲಿದ್ರಿ ಅಂತ. 'ಬಾಗಿಲಿಂದ ಈಚೆ ಸಾರ್. ತಟ್ಟಿದ್ರೆ ಅಳೋದನ್ನೂ ನಿಲ್ಲಿಸಿಬಿಡ್ತಾಳೆ. ನನಗೆ ಕೇಳಿಸ್ತಿಲ್ಲ ಅಂದ್ಕೊಳ್ಳಲಿ ಅಂತ ಜೋರಾಗಿ ಮಾತು ಒಪ್ಪಿಸ್ತಾ ಓಡಾಡ್ತಿದ್ದೆ' ಅಂದ್ರು."

ಅವಳು ಲೋಟಕ್ಕೆ ನೀರು ತುಂಬಿ ಹುಡುಗಿಯ ಮುಂದಿಟ್ಟಳು. ಹಾಲಿನಲ್ಲಿ ಗಂಡ ಯಾರಿಗೋ ಗಾಡಿ ಬರುವ ಸಮಯ ತಿಳಿಸುತ್ತಿದ್ದ.

"ಕೊನೇಲಿ ಏನು ಮಾಡಿದ್ಳು?"

"ಕೊನೇನೇ ಇರಲಿಲ್ಲ ಅಕ್ಕ. ಆರು ನಿಮಿಷಕ್ಕೆ ಸೀನಿಯರ್ರೇ ನಿಲ್ಲಿಸಿಬಿಟ್ರು. ಅವಳು ಗಂಡನ ಹತ್ರ ವಾಪಸ್ ಹೋಗ್ತಾಳೋ ಇಲ್ವೋ, ಏನಾದ್ರೊಂದು ಕಟ್ಟಿ ಮುಗಿಸಿ, ಇಲ್ಲಾಂದ್ರೆ ಫೇಲ್ ಮಾಡ್ಬೇಕಾಗತ್ತೆ ಅಂದ್ರು ಮೇಷ್ಟ್ರು. 'ಮಾಡಿ ಸಾರ್. ಅವಳಿನ್ನೂ ಯೋಚನೆ ಮಾಡ್ತಿದಾಳೆ. ಅವಳಿಗಿಂತ ಮುಂಚೆ ನಾನು ಹೇಳಿಬಿಟ್ರೆ, ನಾನೂ ಅವನ ಥರಾನೇ ಆದೆನಲ್ಲ' ಅಂದ್ರು." ಹುಡುಗಿ ಒಂದು ಗುಟುಕು ನೀರು ಕುಡಿದಳು. "ಫೇಲೇ ಆದ್ರು. ಅದೇ ಪೇಪರನ್ನ ಮತ್ತೆ ಕಟ್ಟಿದ್ರು. ನಿನ್ನೆ ತಾಲೀಮು ಅದಕ್ಕೇ. ಈ ಸಲ ಯಾರೋ ಎಂಬತ್ತರ ಮುದುಕಿ, ಸುಮ್ನೆ ಪಾಸಾಗೋಕೆ."

*

ಚಿತಾಗಾರದಲ್ಲಿ ಮಕ್ಕಳು ಸಾಲಾಗಿ ನಿಂತರು. ನಾಟಕದ ಕೊನೆಗೆ ನಿಂತು ಅಭ್ಯಾಸವಾಗಿದ್ದಂತೆ, ಸಾಲಿನ ನಡುವೆ ಒಬ್ಬರು ಹಿಡಿಯುವಷ್ಟು ಜಾಗ ತಾನಾಗಿ ಬಿಟ್ಟುಹೋಗಿತ್ತು. ಕಬ್ಬಿಣದ ಬಾಗಿಲು ಮುಚ್ಚಿದ ಮೇಲೂ ಯಾರೂ ಆ ಕಡೆಗೆ ಸರಿಯಲಿಲ್ಲ.

ಸಂಜೆ ಮನೆ ಖಾಲಿಯಾಯಿತು. ಗಂಡ ಅವಳ ಸಾಮಾನು ಕಾರಿಗಿಟ್ಟು ಬಂದ. "ಬಾಗಿಲು ಹಾಕ್ಕೊಂಡು ಬಾ," ಎಂದು ಹೋಗಿ ಗಾಡಿಯಲ್ಲಿ ಕುಳಿತ.

ಚಿಕ್ಕಮ್ಮ ಕಣ್ಣೊರೆಸಿಕೊಂಡು ಕೇಳಿದಳು: "ಹೊರಟ್ಯೇನೇ? ಇನ್ನು ಯಾವಾಗ ಈ ಕಡೆ?"

ಈ ಸಲ ಅವಳ ಪರವಾಗಿ ಉತ್ತರ ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳು ಚಿಕ್ಕಮ್ಮನ ಮುಖ ನೋಡಿದಳು. ಹೊರಗೆ ಹಾರ್ನ್ ಒಮ್ಮೆ ಕೂಗಿತು, ಸ್ವಲ್ಪ ತಡೆದು ಇನ್ನೊಮ್ಮೆ. ಅವಳು ಮೆಟ್ಟಿಲ ಮೇಲೆ ಕುಳಿತು, ಬಗ್ಗಿ, ಆಗಷ್ಟೇ ಕಟ್ಟಿಕೊಂಡಿದ್ದ ಷೂ ಲೇಸನ್ನು ಬಿಚ್ಚತೊಡಗಿದಳು.